ನಾಳೆಯ ಚಿಂತೆ, ಇಂದಿನ ಪ್ರಾರ್ಥನೆ

(ಶತಮಾನೋತ್ಸವದ ಸಿದ್ಧತೆಯ ಪ್ರಾರ್ಥನಾ ದಿನಗಳಲ್ಲಿ ದೇವಾಲಯದಲ್ಲಿ ನೀಡಿದ ಪ್ರವಚನ)



ಚಿತೆಗೂ ಚಿಂತೆಗೂ ಇರುವ ಅಂತರ ಒಂದು ಸೊನ್ನೆ ಮಾತ್ರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಿತೆ ಸತ್ತವರನ್ನು ಒಮ್ಮೆ ಸುಡುತ್ತದೆ. ಚಿಂತೆ ಬದುಕಿರುವವರನ್ನು ದಿನದಿನವೂ ಸುಡುತ್ತದೆ. ಮಗಳ ಮದುವೆ, ಮಗನ ಉದ್ಯೋಗ, ತೀರದ ಸಾಲ, ವಾಸಿಯಾಗದ ಕಾಯಿಲೆ – ಇವುಗಳಲ್ಲಿ ಒಂದಾದರೂ ಕಾಡದ ಮನೆ ನಮ್ಮಲ್ಲಿ ಯಾವುದಿದೆ? ನೂರು ವರ್ಷಗಳಿಂದ ಈ ಪೀಠದ ಮುಂದೆ ಮಂಡಿಯೂರಿದ ನಮ್ಮ ಪೂರ್ವಜರೂ ಇಂಥದೇ ಹೊರೆಯನ್ನು ಹೊತ್ತು ಬಂದವರು.

ವಿಶ್ವಾಸವುಳ್ಳವನಿಗೆ ಕಳವಳವೇ ಉಂಟಾಗದು ಎಂದು ಭಾವಿಸುವುದು ಸರಿಯಲ್ಲ. ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿಯೇ ಮನೋವ್ಯಥೆಯಿಂದ ಬಳಲಿ, ಒಂದೇ ಪ್ರಾರ್ಥನೆಯನ್ನು ಮೂರು ಬಾರಿ ಮಾಡಿದರು. ಕಷ್ಟದ ಪಾತ್ರೆ ತೊಲಗಲಿಲ್ಲ. ಅದನ್ನು ಕುಡಿಯುವ ಬಲ ದೊರೆಯಿತು. ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ದೇವರಿಗೆ ಅರಿಕೆ ಮಾಡಿಕೊಳ್ಳುವಂತೆ ಸಂತ ಪೌಲರು ಫಿಲಿಪ್ಪಿಯ ಭಕ್ತರಿಗೆ ಬರೆದದ್ದು ಅರಮನೆಯಿಂದಲ್ಲ, ಸೆರೆಮನೆಯಿಂದ.

ಅಂಥ ಮತ್ತೊಂದು ಸೆರೆವಾಸವನ್ನು ನಮ್ಮ ಕಾಲವೂ ಕಂಡಿದೆ. ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ವಾನ್ ಥುವಾನ್ ಅವರನ್ನು 1975ರ ಏಪ್ರಿಲ್‌ನಲ್ಲಿ ಸೈಗಾನಿಗೆ ಸಹಾಯಕ ಮಹಾಧರ್ಮಾಧ್ಯಕ್ಷರಾಗಿ, ಮುಂದಿನ ಉತ್ತರಾಧಿಕಾರಿಯಾಗಿ ನೇಮಿಸಲಾಯಿತು. ಕೆಲವೇ ದಿನಗಳಲ್ಲಿ ಆ ನಗರ ಕಮ್ಯುನಿಸ್ಟರ ವಶವಾಯಿತು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ, ಅವರು ಬಂಧಿತರಾದರು. ಜೇಬಿನಲ್ಲಿದ್ದುದು ಜಪಸರವೊಂದೇ. ಆಗ ಅವರಿಗೆ 47 ವರ್ಷ. ಮುಂದಿನ 13 ವರ್ಷಗಳನ್ನು ಸೆರೆಯಲ್ಲಿ ಕಳೆದರು. ಅದರಲ್ಲಿ 9 ವರ್ಷ ಏಕಾಂತ ಸೆರೆ.

ಕಿಟಕಿಯಿಲ್ಲದ ಕೋಣೆ, ಉಸಿರಾಡಲು ಸಣ್ಣ ರಂಧ್ರಕ್ಕೆ ಮುಖವಿಟ್ಟು ನೆಲದ ಮೇಲೆ ಮಲಗಬೇಕಾದ ಸ್ಥಿತಿ. ಆದರೆ ದೇಹದ ಬಾಧೆಗಿಂತಲೂ ಅವರನ್ನು ಹಿಂಡಿದ್ದು ಬಿಟ್ಟುಬಂದ ಜನರ ಚಿಂತೆ. ಎಂಟು ವರ್ಷ ದುಡಿದು ಬೆಳೆಸಿದ ಧರ್ಮಪ್ರಾಂತ್ಯವೇನಾಯಿತು, ಗುರುಮಠದ ವಿದ್ಯಾರ್ಥಿಗಳ ಗತಿಯೇನು ಎಂದು ರಾತ್ರಿಗಳು ನಿದ್ರೆಯಿಲ್ಲದೆ ಕಳೆದವು. ಕೊನೆಗೊಂದು ರಾತ್ರಿ ಅಂತರಂಗದಲ್ಲಿ ಅವರಿಗೆ ಬೆಳಕು ಮೂಡಿತು: ದೇವರು ಬೇರೆ, ದೇವರ ಕೆಲಸಗಳು ಬೇರೆ. ಆ ಕೆಲಸಗಳು ಎಷ್ಟೇ ಉತ್ತಮವಾಗಿದ್ದರೂ, ಬೇಕೆನಿಸಿದಾಗ ಅವುಗಳನ್ನು ಬೇರೆಯವರಿಗೆ ಒಪ್ಪಿಸಲು ದೇವರು ಸಮರ್ಥರು. ತಾನು ಆರಿಸಿಕೊಳ್ಳಬೇಕಾದುದು ದೇವರನ್ನೇ. ಅಂದಿನಿಂದ ಅವರ ಮನಸ್ಸಿಗೆ ಹೊಸ ಶಾಂತಿ ದೊರೆಯಿತು.

ಇದು ಕೈಕಟ್ಟಿ ಕುಳಿತವನ ಶಾಂತಿಯಲ್ಲ. ಬಿಡುಗಡೆಯ ದಿನಕ್ಕಾಗಿ ಕಾಯುತ್ತ ಕೂರುವುದಿಲ್ಲ, ಇಂದಿನ ಕ್ಷಣವನ್ನೇ ಪ್ರೀತಿಯಿಂದ ತುಂಬುತ್ತೇನೆ ಎಂದು ಅವರು ನಿಶ್ಚಯಿಸಿದ್ದರು. ಹೊಟ್ಟೆನೋವಿನ ಔಷಧಿ ಬೇಕೆಂದು ಹೊರಗೆ ಬರೆದಾಗ ಭಕ್ತರು ಒಳಗುಟ್ಟನ್ನರಿತು ದ್ರಾಕ್ಷಾರಸ ಕಳುಹಿಸಿದರು. ರೊಟ್ಟಿಯನ್ನು ಟಾರ್ಚಿನೊಳಗೆ ಅಡಗಿಸಿ ಕಳುಹಿಸಿದರು. ಅಂಗೈಯೇ ಅವರಿಗೆ ಪೂಜಾಪಾತ್ರೆ. ಅದರಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು; ಹೀಗೆ ದಿವ್ಯ ಬಲಿಪೂಜೆ ನಡೆಯುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಅವರು ಬರೆದ ಸಂದೇಶಗಳನ್ನು ಒಬ್ಬ ಪುಟ್ಟ ಬಾಲಕ ಹೊರಗೆ ಒಯ್ದ. ಮಾತನ್ನೇ ಆಡದಿದ್ದ ಕಾವಲುಗಾರರು ಅವರ ಪ್ರೀತಿಗೆ ಸೋತು ಸ್ನೇಹಿತರಾದರು. ಮರದ ತುಂಡೊಂದನ್ನು ಕತ್ತರಿಸಿ ಶಿಲುಬೆ ಮಾಡಿಕೊಳ್ಳಲು ಒಬ್ಬ ಅವಕಾಶ ಕೊಟ್ಟರೆ, ವಿದ್ಯುತ್ ತಂತಿಯಿಂದ ಅದಕ್ಕೆ ಸರಪಳಿ ಮಾಡಿಕೊಳ್ಳಲು ಇನ್ನೊಬ್ಬ ನೆರವಾದ. ದೇಹ ಕುಗ್ಗಿ ದೀರ್ಘ ಪ್ರಾರ್ಥನೆ ಸಾಧ್ಯವಾಗದ ದಿನಗಳೂ ಇದ್ದವು. ಆಗ ಚಿಕ್ಕ ಪ್ರಾರ್ಥನೆಗಳೇ ಅವರಿಗೆ ಆಸರೆಯಾದವು. 1988ರ ನವೆಂಬರ್ 21ರಂದು ಬಿಡುಗಡೆಯಾದ ಅವರು 2001ರಲ್ಲಿ ಕಾರ್ಡಿನಲ್ ಆದರು; 2002ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯರೇ, ಇದು ಮಹಾತ್ಮರಿಗೆ ಮಾತ್ರ ಸಾಧ್ಯವೆಂದು ನಾವು ಕೈಬಿಡಬಾರದು. ಮಕ್ಕಳ ಭವಿಷ್ಯಕ್ಕಾಗಿ ನಿದ್ರೆಗೆಡುವ ತಾಯಿಯೂ, ಸುಗ್ಗಿಗಾಗಿ ಆಕಾಶ ನೋಡುವ ರೈತನೂ ಅದೇ ಆಯ್ಕೆಯ ಮುಂದೆ ನಿಂತಿದ್ದಾರೆ. ನಮ್ಮ ಮಕ್ಕಳು ನಮಗಿಂತ ಮೊದಲು ದೇವರ ಮಕ್ಕಳು. ನಮ್ಮ ಪಾಲಿನ ದುಡಿಮೆಯನ್ನು ಮಾಡಿ, ಫಲವನ್ನು ಅವರ ಕೈಗೊಪ್ಪಿಸೋಣ. ತಾಳಿದವನು ಬಾಳಿಯಾನು ಎಂಬ ಗಾದೆಯಲ್ಲಿ ತಾಳ್ಮೆಯೆಂದರೆ ಸೋಮಾರಿತನವಲ್ಲ. ಇಂದಿನ ಕರ್ತವ್ಯವನ್ನು ಇಂದು ಮಾಡಿ, ನಾಳೆಯನ್ನು ನಾಳೆಯ ಒಡೆಯನಿಗೆ ಬಿಡುವುದು. ಮನಸ್ಸಿನ ಕಳವಳ ರೋಗವಾಗಿ ಬೆಳೆದಾಗ ವೈದ್ಯರ ಬಳಿಗೆ ಹೋಗುವುದು ಅವಿಶ್ವಾಸವಲ್ಲ. ವೈದ್ಯರ ಕೈಯೂ ದೇವರ ದಾನವೇ.

ರಾತ್ರಿ ನಿದ್ರೆ ಬಾರದಿದ್ದಾಗ ಉದ್ದದ ಪ್ರಾರ್ಥನೆಗೆ ಪದ ಹುಡುಕಬೇಡಿ. ಯೇಸುವಿನ ನಾಮವೊಂದು ಸಾಕು, ಒಂದು ನಮೋ ಮರಿಯ ಸಾಕು. ಚಿಂತೆಯ ಹೆಸರು ಹೇಳಿ ದೇವರ ಮುಂದಿಡಿ. ನಾಳೆ ಮತ್ತೆ ಅದೇ ಚಿಂತೆ ಬಂದರೆ ಮತ್ತೆ ಅಲ್ಲಿಯೇ ಇಡಿ. ಪ್ರಭುವೇ ಮೂರು ಬಾರಿ ಬೇಡಿರುವಾಗ, ನೂರು ಬಾರಿ ಬೇಡಲು ನಮಗೆ ಸಂಕೋಚವೇಕೆ?

ಶತಮಾನದ ಹೊಸ್ತಿಲಲ್ಲಿರುವ ಈ ದೇವಾಲಯಕ್ಕೆ ಚಿಂತೆಯನ್ನು ಹೊತ್ತು ಬಂದವರೆಲ್ಲರೂ, ಅದು ತೀರದಿದ್ದರೂ, ಅದನ್ನು ಹೊರುವ ಬಲವನ್ನು ಪಡೆದು ಮನೆಗೆ ಮರಳುವಂತೆ ಪ್ರಭು ಅನುಗ್ರಹಿಸಲಿ. ಆಮೆನ್.