ಗುರುತಿನವರು ಬೇಡದ ಕಚೇರಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಶ್ವವಿದ್ಯಾಲಯದ ಕಚೇರಿ ಸಿಬ್ಬಂದಿಗೆ ದಾಖಲೆ ನಿರ್ವಹಣೆಯ ತರಬೇತಿ ಏಕೆ ಬೇಕು ಎಂಬ ವಿಷಯದ ಮೇಲೆ ಮಾತನಾಡಲು ಹೇಳಿದ್ದೀರಿ. ಇದು ಗುಮಾಸ್ತರ ವಿಷಯ, ನಮಗೇನು ಸಂಬಂಧ ಎಂದು ನಿಮಗೆ ಅನಿಸಬಹುದು. ಆದರೆ ಅಂಕಪಟ್ಟಿಯ ಎರಡನೇ ಪ್ರತಿಗೋ, ಹೆಸರಿನ ತಿದ್ದುಪಡಿಗೋ, ಪದವಿ ಪ್ರಮಾಣಪತ್ರಕ್ಕೋ ಕಚೇರಿಯ ಕಿಟಕಿ ಮುಂದೆ ನಿಂತವರು ಯಾರೂ ಹಾಗೆ ಹೇಳಲಾರರು.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವ. ಕಚೇರಿಯ ಮಾತುಗಳನ್ನು ಗಮನಿಸಿ: ದಾಖಲೆ, ದಫ್ತರ, ನಕಲು, ಅಸಲು, ಅರ್ಜಿ, ರಸೀದಿ, ಹಾಜರಿ, ಮೊಹರು, ರವಾನೆ. ಇವೆಲ್ಲ ಅರಬ್ಬಿ, ಫಾರಸಿ ಮೂಲದಿಂದ ಬಂದು ಕನ್ನಡದ ಸ್ವಂತ ಮಾತುಗಳೇ ಆಗಿಬಿಟ್ಟಿವೆ. ಒಂದು ಮಾತು ಮಾತ್ರ ದಾರಿಯಲ್ಲಿ ಅರ್ಥ ಬದಲಿಸಿಕೊಂಡಿತು. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಕನ್ನಡದ ಕಚೇರಿಯಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ತೆಗೆದಿಡುವುದು! ಮೊದಲನೇ ಅರ್ಥವನ್ನು ನೆನಪಿನಲ್ಲಿಟ್ಟುಕೊಂಡು ಕೆಲಸ ಮಾಡಿದವನಿಗೆ ಎರಡನೆಯ ಅರ್ಥದ ಭಯವಿರುವುದಿಲ್ಲ. ವಿದ್ಯಾರ್ಥಿಯ ದಾಖಲೆ ಕಚೇರಿಯ ಆಸ್ತಿಯಲ್ಲ. ಅದು ವಿದ್ಯಾರ್ಥಿಯ ಅಮಾನತ್.

ಈ ಅಮಾನತ್ತನ್ನು ಎಷ್ಟು ಕಾಲ ಕಾಯಬೇಕು ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ನೋಡಿ. ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ಅದಕ್ಕೆ ಮೊದಲು ಆ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬಳ್ಳಾರಿಗೂ ಬೆಳಗಾವಿಗೂ ಪ್ರತ್ಯೇಕ ವಿಶ್ವವಿದ್ಯಾಲಯಗಳು ಬಂದವು. ಹೀಗಾಗಿ 2005ರಲ್ಲಿ ಬಳ್ಳಾರಿಯಲ್ಲಿ ಪದವಿ ಮುಗಿಸಿದವರ ಪರೀಕ್ಷಾ ದಾಖಲೆ ಇರುವುದು ಕಲಬುರಗಿಯಲ್ಲಿ. 1975ರಲ್ಲಿ ಕಲಬುರಗಿಯಲ್ಲಿ ಓದಿದವರದು ಧಾರವಾಡದಲ್ಲಿ. ವಿಶ್ವವಿದ್ಯಾಲಯ ಒಡೆದು ಎರಡಾದರೂ ಹಳೆಯ ಅಂಕಗಳ ವಹಿಯನ್ನು ಹರಿದು ಹಂಚಲಾಗುವುದಿಲ್ಲ. ದೂರದ ಊರಿನಿಂದ ಬಸ್ ಹತ್ತಿ ಬಂದವರಿಗೆ ಅಲ್ಲಿನ ಗುಮಾಸ್ತರು ಕೊಡುವ ಉತ್ತರ ಏನು? ‘ಆ ಸೆಕ್ಷನ್ ನೋಡುತ್ತಿದ್ದವರು ನಿವೃತ್ತರಾದರು, ಮುಂದಿನ ವಾರ ಬನ್ನಿ’ ಎಂಬುದಾದರೆ ದಾಖಲೆ ಇದ್ದೂ ಇಲ್ಲದಂತೆಯೇ. ಹುಡುಕಿದಾಗ ಸಿಗದ ದಾಖಲೆ, ಸುಟ್ಟುಹೋದ ದಾಖಲೆ, ಎರಡೂ ಒಂದೇ.

ಇಲ್ಲಿ ನಷ್ಟವಾಗುವುದು ಯಾರಿಗೆ? ಕಚೇರಿಯಲ್ಲಿ ಗುರುತಿನವರು ಇರುವವರಿಗೆ ಅಲ್ಲ. ಅವರು ಒಂದು ಫೋನ್ ಮಾಡುತ್ತಾರೆ, ಕಡತ ಹೊರಬರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದಿದ ಹುಡುಗಿ, ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬಂದ ಆಕೆಯ ತಂದೆ, ಇವರಿಗೆ ಮೂರು ಸಲ ಬರುವ ಶಕ್ತಿ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವ ಕೊನೆಯ ದಿನ ಇವರಿಗಾಗಿ ಕಾಯುವುದಿಲ್ಲ. ಕಡತ ಎಲ್ಲಿದೆ ಎಂಬುದು ಒಬ್ಬ ಗುಮಾಸ್ತನ ನೆನಪಿನಲ್ಲಿ ಮಾತ್ರ ಇದ್ದರೆ ಆ ಗುಮಾಸ್ತನ ಪರಿಚಯ ಬೇಕಾಗುತ್ತದೆ. ಅದು ಸೂಚಿಯಲ್ಲಿ ಬರೆದಿದ್ದರೆ ಯಾರ ಪರಿಚಯವೂ ಬೇಡ. ಆದ್ದರಿಂದ ದಾಖಲೆಗಳ ಶಿಸ್ತನ್ನು ನಾನು ಬಡವರಿಗೆ ಸಲ್ಲಬೇಕಾದ ನ್ಯಾಯ ಎಂದೇ ತಿಳಿಯುತ್ತೇನೆ.

ನಮ್ಮ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ, ಹೆಸರಿನದು. ಉರ್ದುವಿನ ಜಾಲ್, ಜೇ, ಜುವಾದ್, ಜೋಯ್ ಎಂಬ ನಾಲ್ಕು ಅಕ್ಷರಗಳಿಗೆ ಉಚ್ಚಾರಣೆ ಒಂದೇ. ಕನ್ನಡದಲ್ಲಿ ಅದನ್ನು ಒಬ್ಬರು ‘ಜ’ ಎಂದು ಬರೆದರೆ ಇನ್ನೊಬ್ಬರು ‘ಝ’ ಎನ್ನುತ್ತಾರೆ. ಇಂಗ್ಲಿಷಿಗೆ ಹೋದಾಗ ಅದು ಜೆ ಆಗಬಹುದು, ಜೆಡ್ ಆಗಬಹುದು. ಹೀಗೆ ರಿಜ್ವಾನಾ ಬೇಗಂ ಒಂದು ಕಡೆ ರಿಝ್ವಾನಾ, ಮತ್ತೊಂದು ಕಡೆ ರಿಜವಾನಬಿ. ಮಹಮ್ಮದ್, ಮೊಹಮ್ಮದ್, ಮಹಮದ್, ಎಂ.ಡಿ. ಎಲ್ಲವೂ ಒಬ್ಬನೇ ಹುಡುಗ! ಹೆಸರಿನ ಅಕ್ಷರಾನುಕ್ರಮದಲ್ಲಿ ಮಾತ್ರ ಕಡತ ಜೋಡಿಸಿದ ಕಚೇರಿಯಲ್ಲಿ ಈ ಹುಡುಗ ನಾಲ್ಕು ಕಪಾಟುಗಳಲ್ಲಿ ಹಂಚಿಹೋಗುತ್ತಾನೆ. ಆದ್ದರಿಂದ ತರಬೇತಿಯ ಮೊದಲ ಪಾಠ ಇದಾಗಬೇಕು: ಕಡತ ಜೋಡಿಸುವುದು ನೋಂದಣಿ ಸಂಖ್ಯೆಯಿಂದ, ಹೆಸರಿನ ಸೂಚಿ ಪ್ರತ್ಯೇಕ, ಬೇರೆ ಬೇರೆ ಕಾಗುಣಿತಗಳಿದ್ದರೆ ‘ಇದನ್ನೂ ನೋಡಿ’ ಎಂಬ ಒಂದು ಸಾಲು.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. 2015ರಲ್ಲಿ ಡಿಜಿಲಾಕರ್ ಬಂತು, ಅಂಕಪಟ್ಟಿ ಈಗ ಮೊಬೈಲಿನಲ್ಲೇ ಸಿಗುತ್ತದೆ, ಸಂತೋಷ. ಆದರೆ ಕಂಪ್ಯೂಟರ್ ತನಗೆ ಕೊಟ್ಟದ್ದನ್ನೇ ತೋರಿಸುತ್ತದೆ. ತಪ್ಪು ಕಾಗುಣಿತವನ್ನು ಸ್ಕ್ಯಾನ್ ಮಾಡಿದರೆ ಅದು ತಪ್ಪಾಗಿಯೇ ಉಳಿಯುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ತೊಂದರೆ ಹಿಂದಿಗಿಂತ ಹೆಚ್ಚೇ ಆಗುತ್ತದೆ.

ಕಾನೂನು ಕೂಡ ನಮ್ಮ ಪರವಾಗಿದೆ. 2005ರ ಮಾಹಿತಿ ಹಕ್ಕು ಅಧಿನಿಯಮವೆಂದರೆ ಅರ್ಜಿ ಹಾಕಿ 30 ದಿನಗಳಲ್ಲಿ ಉತ್ತರ ಪಡೆಯುವುದು ಎಂದಷ್ಟೇ ಹಲವರು ತಿಳಿದಿದ್ದಾರೆ. ಅದರ 4ನೇ ಪ್ರಕರಣದ ಮೊದಲ ಮಾತೇ, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ ಸೂಚಿಯೊಂದಿಗೆ ಇಟ್ಟುಕೊಳ್ಳಬೇಕು ಎಂಬುದು. 2011ರಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷಾರ್ಥಿಗೆ ತನ್ನ ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಆದರೆ ನಿಯಮದ ಪ್ರಕಾರ ಅದನ್ನು ಇಟ್ಟುಕೊಳ್ಳಬೇಕಾದ ಅವಧಿಯ ವರೆಗೆ ಮಾತ್ರ ಆ ಹಕ್ಕು ಎಂದೂ ಹೇಳಿತು. ಅಂದರೆ ಯಾವ ಕಾಗದವನ್ನು ಎಷ್ಟು ಕಾಲ ಇಡಬೇಕು ಎಂಬ ಪಟ್ಟಿ ಗುಮಾಸ್ತರಿಗೂ ಗೊತ್ತಿರಬೇಕು, ವಿದ್ಯಾರ್ಥಿಗಳಿಗೂ ಗೊತ್ತಿರಬೇಕು.

ಹಾಗಾದರೆ ತರಬೇತಿಯಲ್ಲಿ ಏನು ಕಲಿಸಬೇಕು? ನನ್ನ ದೃಷ್ಟಿಯಲ್ಲಿ ಐದು ಸಂಗತಿಗಳು ಸಾಕು.

ಒಂದು, ಬಂದ ಪತ್ರ ಬಂದ ದಿನವೇ ವಹಿಯಲ್ಲಿ ದಾಖಲಾಗಬೇಕು. ತಂದವರಿಗೆ ಸಂಖ್ಯೆ ಹಾಕಿದ ರಸೀದಿ ಸಿಗಬೇಕು.

ಎರಡು, ಒಂದು ವಿಷಯಕ್ಕೆ ಒಂದೇ ಕಡತ, ಪ್ರತಿ ಹಾಳೆಗೂ ಪುಟ ಸಂಖ್ಯೆ. ಪುಟ ಸಂಖ್ಯೆ ಇದ್ದರೆ ಕಳೆದ ಹಾಳೆ ತಾನೇ ಪತ್ತೆಯಾಗುತ್ತದೆ.

ಮೂರು, ಕಪಾಟಿನಿಂದ ಕಡತ ತೆಗೆದರೆ ಆ ಜಾಗದಲ್ಲಿ ಒಂದು ಚೀಟಿ ಇಡಬೇಕು: ಯಾರು ಒಯ್ದರು, ಯಾವ ತಾರೀಖು.

ನಾಲ್ಕು, ಶಾಶ್ವತವಾಗಿ ಇಡಬೇಕಾದದ್ದು, ಕೆಲವು ವರ್ಷ ಇಡಬೇಕಾದದ್ದು, ಬೇಗ ವಿಲೇವಾರಿ ಮಾಡಬಹುದಾದದ್ದು ಎಂದು ವಿಂಗಡಿಸಬೇಕು. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ, ಮೇಲಧಿಕಾರಿಯ ಸಹಿ ಪಡೆದೇ ನಾಶಪಡಿಸಬೇಕು. ಎಲ್ಲವನ್ನೂ ಇಟ್ಟುಕೊಳ್ಳುವ ಕಚೇರಿಯಲ್ಲಿ ಬೇಕಾದದ್ದು ಬೇಡವಾದದ್ದರ ಕೆಳಗೆ ಹೂತುಹೋಗುತ್ತದೆ. ಉಳಿಸಿದ್ದನ್ನು ನೆಲದಿಂದ ಮೇಲೆ, ತೇವ ಮತ್ತು ಗೆದ್ದಲಿನಿಂದ ದೂರ ಇಡಬೇಕು.

ಐದು, ವರ್ಗವಾದಾಗ ಅಥವಾ ನಿವೃತ್ತರಾದಾಗ ಬೀಗದ ಕೈಯ ಜೊತೆಗೆ ಕಡತಗಳ ಪಟ್ಟಿಯನ್ನೂ ಕೊಟ್ಟು ಸಹಿ ಪಡೆಯಬೇಕು.

ಬಿ.ಎಡ್. ತರಬೇತಿಯಲ್ಲಿ ನಮಗೆ ಪಾಠ ಮಾಡಿಸಿಯೇ ಪಾಠ ಮಾಡುವುದನ್ನು ಕಲಿಸುತ್ತಾರೆ. ಇದೂ ಹಾಗೆಯೇ ಆಗಬೇಕು. ದಿನವಿಡೀ ಭಾಷಣ ಕೇಳಿಸಿ ಪ್ರಮಾಣಪತ್ರ ಕೊಟ್ಟರೆ ಪ್ರಯೋಜನವಿಲ್ಲ. ಸಿಬ್ಬಂದಿಯನ್ನು ಅವರದೇ ದಾಖಲೆ ಕೊಠಡಿಗೆ ಕರೆದೊಯ್ದು, ಹತ್ತು ಹಳೆಯ ಅರ್ಜಿಗಳನ್ನು ಕೈಗೆ ಕೊಟ್ಟು, ಗಡಿಯಾರ ಇಟ್ಟು ಹುಡುಕಿಸಬೇಕು. ತಿಂಗಳ ನಂತರ ಅದೇ ಪರೀಕ್ಷೆಯನ್ನು ಬೇರೆ ಸೆಕ್ಷನ್ನಿನ ಗುಮಾಸ್ತರಿಂದ ಮಾಡಿಸಬೇಕು. ಹೊಸಬರಿಗೂ ಅಷ್ಟೇ ಬೇಗ ಸಿಕ್ಕರೆ ತರಬೇತಿ ಫಲಿಸಿದೆ ಎಂದು ತಿಳಿಯಬಹುದು. ಗುತ್ತಿಗೆ ನೌಕರರನ್ನು ಇದರಿಂದ ಬಿಡಕೂಡದು. ಕಡತ ಹೊತ್ತು ತರುವವರಿಗೆ ಅದರ ಜಾಗ ಗೊತ್ತಿರಬೇಕಲ್ಲವೇ?

ಸಂಘದ ಹಿರಿಯರಲ್ಲಿ ಒಂದು ಮನವಿ. ವಿಶ್ವವಿದ್ಯಾಲಯಕ್ಕೆ ಹೇಳುವ ಮೊದಲು ನಮ್ಮ ಶಾಲೆಗಳ ದಾಖಲಾತಿ ವಹಿಗಳನ್ನು ಸರಿಯಾಗಿಡೋಣ. ಒಂದನೇ ತರಗತಿಯಲ್ಲಿ ಬರೆದ ಹೆಸರು, ಹುಟ್ಟಿದ ತಾರೀಖುಗಳೇ ಎಸ್.ಎಸ್.ಎಲ್.ಸಿ.ಗೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ಅಕ್ಷರ ಬಾರದ ತಾಯಿ ಬಾಯಲ್ಲಿ ಹೇಳಿದ ಹೆಸರನ್ನು ಅವಸರದಲ್ಲಿ ಗೀಚಬೇಡಿ. ಜನನ ಪ್ರಮಾಣಪತ್ರ ನೋಡಿ ಬರೆಯಿರಿ, ಓದಿ ಹೇಳಿರಿ.

ವಿದ್ಯಾರ್ಥಿಗಳೇ, ಹತ್ತನೇ ತರಗತಿಯ ಪರೀಕ್ಷಾ ನೋಂದಣಿಯ ಸಮಯದಲ್ಲೇ ನಿಮ್ಮ ಮತ್ತು ತಂದೆತಾಯಿಯರ ಹೆಸರಿನ ಪ್ರತಿ ಅಕ್ಷರವನ್ನೂ ನೋಡಿಕೊಳ್ಳಿ. ಕೊಟ್ಟ ಅರ್ಜಿಯ ನಕಲು, ಹಣ ಕಟ್ಟಿದ ರಸೀದಿ, ನೋಂದಣಿ ಸಂಖ್ಯೆ, ಈ ಮೂರನ್ನು ಜೋಪಾನವಾಗಿಡಿ. ನಿಮ್ಮಲ್ಲಿ ಅನೇಕರು ಎಫ್.ಡಿ.ಎ., ಎಸ್.ಡಿ.ಎ. ಪರೀಕ್ಷೆಗೆ ಓದುತ್ತಿದ್ದೀರಿ. ನಾಳೆ ಕಿಟಕಿಯ ಒಳಗಡೆ ನೀವೇ ಕುಳಿತಿರುತ್ತೀರಿ. ಆಗ ಹೊರಗೆ ನಿಂತವರು ನಿಮ್ಮ ಸಂಬಂಧಿಯೇ, ಊರಿನವರೇ ಎಂದು ನೋಡದೆ, ಕೈಯಲ್ಲಿರುವ ಸಂಖ್ಯೆಯನ್ನು ಕೇಳಿ, ಕಡತವನ್ನು ತೆಗೆದುಕೊಡಿ. ಆ ಕಡತ ಅವರ ಅಮಾನತ್.