ಕಳ್ಳ ಅಂಕಿತ



ಓಲೆಗರಿಯ ಹಸ್ತಪ್ರತಿಗಳನ್ನು ಬಿಚ್ಚಿ ನೋಡಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ಕಾವ್ಯವು ಮುಗಿದ ಮೇಲೆ, ಕೊನೆಯ ಗರಿಯಲ್ಲಿ, ಪ್ರತಿಮಾಡಿದ ಲಿಪಿಕಾರನು ತನ್ನದೊಂದೆರಡು ಮಾತು ಸೇರಿಸುತ್ತಾನೆ. ಇಂಥ ಸಂವತ್ಸರದ ಇಂಥ ಮಾಸ, ಇಂಥ ತಿಥಿಯಂದು, ಇಂಥ ಊರಿನ ಇಂಥವರ ಮಗ ಇಂಥವನು ಬರೆದುದು. ಅಕ್ಷರ ತಪ್ಪಿದ್ದಲ್ಲಿ ಬಲ್ಲವರು ತಿದ್ದಿ ಓದುವುದು. ಗ್ರಂಥಸಂಪಾದನೆಯ ಪಾಠದಲ್ಲಿ ಇದನ್ನು ಪುಷ್ಪಿಕೆ ಎನ್ನುತ್ತೇವೆ. ಆ ಬಡ ಲಿಪಿಕಾರನು ಕವಿಯಲ್ಲ, ಪಂಡಿತನೂ ಅಲ್ಲ. ಆದರೂ ತನ್ನ ಕೈಯಿಂದ ಹೊರಟ ಅಕ್ಷರಕ್ಕೆ ತಾನು ಬಾಧ್ಯಸ್ಥನೆಂಬ ಅರಿವು ಅವನಿಗೆ ಇತ್ತು.

ಉಗ್ರವಾದದ ಗುಂಪುಗಳು ಅಂತರ್ಜಾಲದ ವೇದಿಕೆಗಳನ್ನೂ ಹೊಸದಾಗಿ ಬರುತ್ತಿರುವ ಯಂತ್ರವಿದ್ಯೆಯನ್ನೂ ಹೇಗೆ ದುರುಪಯೋಗಪಡಿಸಿಕೊಳ್ಳುತ್ತಿವೆ ಎಂಬುದರ ಬಗೆಗೆ ಮಾತನಾಡಬೇಕೆಂದು ನನಗೆ ಹೇಳಿದಾಗ, ಇದು ಪೊಲೀಸ್ ಅಧಿಕಾರಿಗಳೋ ಎಂಜಿನಿಯರುಗಳೋ ಹೇಳಬೇಕಾದ ಮಾತು, ಕನ್ನಡ ಮೇಷ್ಟರಿಗೆ ಇಲ್ಲೇನು ಕೆಲಸ ಎಂದು ಮೊದಲು ಹಿಂಜರಿದೆ. ಯೋಚಿಸುತ್ತ ಹೋದಂತೆ, ಈ ಹೊಸ ರೋಗದ ಮೂಲದಲ್ಲಿರುವುದು ಒಂದು ಹಳೆಯ ಪ್ರಶ್ನೆ ಎನ್ನಿಸಿತು. ನಮ್ಮ ಕುಂದಾಪುರದ ಕಡೆ ಯಾರಾದರೂ ಹೊಸ ಸುದ್ದಿ ತಂದರೆ ಹಿರಿಯರು ಮೊದಲು ಕೇಳುತ್ತಿದ್ದುದು, "ಇದ್ ಯಾರ್ ಹೇಳದ್ ಮಾರಾಯ?" ಎಂದು. ಸುದ್ದಿ ನಿಜವೇ ಸುಳ್ಳೇ ಎಂಬ ವಿಚಾರ ಆಮೇಲಿನದು. ಈ ಒಂದು ಪ್ರಶ್ನೆಯನ್ನು ಕೇಳದಂತೆ ಮಾಡುವುದರಲ್ಲಿಯೇ ದ್ವೇಷವನ್ನು ಬಿತ್ತುವವರ ಅರ್ಧ ಕೆಲಸ ಮುಗಿದುಹೋಗುತ್ತದೆ.

ನಮ್ಮ ಕುಂದಾಪುರದ ಕಡೆಯವರೇ ಒಬ್ಬರ ಸಂಗತಿಯಿಂದ ಆರಂಭಿಸುತ್ತೇನೆ. ಪತ್ರಿಕೆಗಳಲ್ಲಿ ಬಂದುದೇ, ಹೆಸರು ಬೇಡ. ಅವರು ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದರು. 2019ರ ಡಿಸೆಂಬರಿನಲ್ಲಿ, ಪೌರತ್ವದ ಕಾನೂನಿನ ವಿವಾದ ಬಿಸಿಯಾಗಿದ್ದಾಗ, ಫೇಸ್‌ಬುಕ್ಕಿನಲ್ಲಿ ಏನನ್ನೋ ಹಂಚಿಕೊಂಡರು. ಆಕ್ಷೇಪ ಬಂದಿತು. ಅವರು ಕ್ಷಮೆ ಕೇಳಿ ತಮ್ಮ ಖಾತೆಯನ್ನೇ ಮುಚ್ಚಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರದೇ ಹೆಸರು, ಅವರದೇ ಭಾವಚಿತ್ರವಿಟ್ಟು ಬೇರೆ ಯಾರೋ ಒಂದು ಖಾತೆಯನ್ನು ತೆರೆದು, ಮೆಕ್ಕಾವನ್ನೂ ಆ ದೇಶದ ಯುವರಾಜನನ್ನೂ ಕುರಿತು ಆಡಬಾರದ ಮಾತುಗಳನ್ನು ಬರೆದರು. ಸೌದಿ ಪೊಲೀಸರು ಹಿಡಿದದ್ದು ಹೆಸರಿನ ಒಡೆಯನನ್ನು. ಇಲ್ಲಿ ಅವರ ಹೆಂಡತಿ ಉಡುಪಿಯ ಪೊಲೀಸರಿಗೆ ದೂರು ಕೊಟ್ಟರು. ಆ ಖಾತೆಯನ್ನು ಎಲ್ಲಿಂದ ತೆರೆದರೆಂಬ ವಿವರವನ್ನು ಕಂಪನಿಯಿಂದ ತರಿಸಿಕೊಂಡು ತನಿಖೆ ನಡೆಸಿದ ಪೊಲೀಸರು 2020ರ ಅಕ್ಟೋಬರಿನಲ್ಲಿ ಮೂಡುಬಿದಿರೆಯ ಇಬ್ಬರು ಸೋದರರನ್ನು ಬಂಧಿಸಿದರು. ಸೆರೆಯಲ್ಲಿದ್ದವರು ಊರಿಗೆ ಬಂದದ್ದು 2021ರ ಆಗಸ್ಟಿನಲ್ಲಿ, ಸುಮಾರು ಒಂದು ವರ್ಷ ಎಂಟು ತಿಂಗಳ ಮೇಲೆ.

ವಚನಕಾರರಿಗೆ ಅಂಕಿತವಿದೆ, ದಾಸರಿಗೆ ಮುದ್ರಿಕೆಯಿದೆ. ಪ್ರಸಿದ್ಧವಾದ ಅಂಕಿತವನ್ನು ಕದ್ದು ಅದರ ಹಿಂದೆ ತಮ್ಮ ಮಾತನ್ನು ಸೇರಿಸಿದವರು ಹಿಂದೆಯೂ ಇದ್ದರು. ಸಂಪಾದಕರು ಅಂಥ ರಚನೆಗಳನ್ನು ಶೈಲಿ ನೋಡಿ, ಪ್ರತಿಗಳನ್ನು ಹೋಲಿಸಿ ಬೇರ್ಪಡಿಸಬೇಕಾಯಿತು. ಆದರೆ ಕಳ್ಳ ವಚನದಿಂದ ಯಾರೂ ಸೆರೆಮನೆಗೆ ಹೋಗಲಿಲ್ಲ. ಇಲ್ಲಿ ಒಂದು ಕಳ್ಳ ಅಂಕಿತ ಒಬ್ಬ ಮನುಷ್ಯನ ಬಾಳಿನ ಆರುನೂರು ದಿನಗಳನ್ನು ನುಂಗಿತು. ಈ ಕೃತ್ಯದ ಹಿಂದೆ ದೊಡ್ಡ ಸಂಘಟನೆಯೊಂದು ಇದ್ದಿತೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕುಳಿತ ಒಬ್ಬಿಬ್ಬರಿಂದ ಇಷ್ಟು ಸಾಧ್ಯವೆಂದಾದರೆ, ಹಣವೂ ಹಟವೂ ಇರುವ ಗುಂಪುಗಳಿಗೆ ಎಷ್ಟು ಸಾಧ್ಯ ಎಂಬುದನ್ನು ನೀವೇ ಊಹಿಸಬಹುದು.

ಹೆಸರನ್ನು ಕದಿಯುವುದು ಒಂದು ಬಗೆ, ಮರೆವೇಷದ ಹೆಸರಿಟ್ಟುಕೊಳ್ಳುವುದು ಇನ್ನೊಂದು. 2014ರ ಡಿಸೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಒಬ್ಬ ತರುಣನನ್ನು ಬಂಧಿಸಿದರು. ಹಗಲು ಕಚೇರಿಯ ಉದ್ಯೋಗ. ಉಳಿದ ವೇಳೆಯಲ್ಲಿ ಟ್ವಿಟರಿನಲ್ಲಿ 'ಶಾಮಿ ವಿಟ್ನೆಸ್' ಎಂಬ ಹೆಸರಿನಿಂದ ಇಸ್ಲಾಮಿಕ್ ಸ್ಟೇಟಿನ ಪರವಾಗಿ ಬರವಣಿಗೆ. ಬ್ರಿಟನ್ನಿನ ಚಾನೆಲ್ 4 ದೂರದರ್ಶನದವರು ಪತ್ತೆಮಾಡುವ ತನಕ ಆತ ಯಾರೆಂಬುದು ಲೋಕಕ್ಕೆ ತಿಳಿದಿರಲಿಲ್ಲ. 17,000ಕ್ಕೂ ಮಿಕ್ಕಿ ಹಿಂಬಾಲಕರು. ಹೊರದೇಶಗಳಿಂದ ಸಿರಿಯಾಕ್ಕೆ ಹೋಗಿ ಯುದ್ಧದಲ್ಲಿ ಸೇರಿದ್ದವರಲ್ಲಿಯೂ ಅನೇಕರು ಅದನ್ನು ಓದುತ್ತಿದ್ದರು. ಶಾಮ್ ಎಂದರೆ ಸಿರಿಯಾದ ಸೀಮೆ, ವಿಟ್ನೆಸ್ ಎಂದರೆ ಸಾಕ್ಷಿ. ಬೆಂಗಳೂರಿನ ಕೋಣೆಯಲ್ಲಿ ಕುಳಿತವನು ಅಲ್ಲಿಯ ರಣರಂಗಕ್ಕೆ ಸಾಕ್ಷಿ! ನಮ್ಮ ಯಕ್ಷಗಾನದಲ್ಲಿ ವೇಷ ಕಟ್ಟಿದವನು ಬೆಳಗಾಗುವಾಗ ಬಣ್ಣ ಒರೆಸಿ ಮನೆಗೆ ಹೋಗುತ್ತಾನೆ, ಒಳಗಿರುವವನು ಯಾರೆಂದು ಊರಿಗೆಲ್ಲ ಗೊತ್ತು. ಈ ರಂಗದಲ್ಲಿ ಬೆಳಗೇ ಆಗುವುದಿಲ್ಲ.

ಮೂರನೆಯದು ಹೆಸರೇ ಇಲ್ಲದ ಮಾತು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅಪಾಯಕರವಾದದ್ದು ಇದೇ. ಏಕೆಂದರೆ ಇದರಲ್ಲಿ ನಾನೂ ಪಾಲುದಾರನಾಗಿದ್ದೇನೆ.

ಬೈಂದೂರಿನಿಂದ ಉತ್ತರಕ್ಕೆ ಶಿರೂರನ್ನು ದಾಟಿದರೆ ಉತ್ತರ ಕನ್ನಡ ಜಿಲ್ಲೆ; ಭಟ್ಕಳ, ಆಮೇಲೆ ಹೊನ್ನಾವರ. ಜಿಲ್ಲೆ ಬೇರೆಯಾದರೂ ಕಡಲು ಒಂದೇ, ದೋಣಿ ಒಂದೇ, ನೆಂಟಸ್ತಿಕೆಯೂ ಉಂಟು. 2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಗಲಭೆಯ ಹೊತ್ತಿನಲ್ಲಿ ಒಬ್ಬ ತರುಣ ಕಾಣೆಯಾದನು. 8ರಂದು ಅವನ ದೇಹ ಅಲ್ಲಿಯ ಕೆರೆಯೊಂದರಲ್ಲಿ ಸಿಕ್ಕಿತು. ಎಳೆಯ ಜೀವ; ಮನೆಯವರ ದುಃಖಕ್ಕೆ ಪಾರವಿರಲಿಲ್ಲ. ಆ ದುಃಖದ ಮೇಲೆ ಮೊಬೈಲಿನ ಸಂದೇಶಗಳು ಹತ್ತಿಕೊಂಡವು. ಕಾದ ಎಣ್ಣೆ ಸುರಿದರಂತೆ, ಅಂಗಗಳನ್ನು ಕತ್ತರಿಸಿದರಂತೆ, ತೋಳಿನ ಹಚ್ಚೆಯನ್ನು ಕೆತ್ತಿ ತೆಗೆದರಂತೆ. ಒಂದು ಸಂದೇಶದಲ್ಲಿ 'ಅಂತೆ' ಇದ್ದದ್ದು ಮುಂದಿನದರಲ್ಲಿ ಮಾಯವಾಗುತ್ತಿತ್ತು. ಕುಮಟೆ, ಶಿರಸಿಗಳಲ್ಲಿ ಹಿಂಸೆ ಭುಗಿಲೆದ್ದಿತು. ಪೊಲೀಸ್ ಉನ್ನತಾಧಿಕಾರಿಯ ವಾಹನವನ್ನೇ ಸುಟ್ಟರು. ಮಣಿಪಾಲದ ವಿಧಿವಿಜ್ಞಾನ ತಜ್ಞರು, ಇವುಗಳಲ್ಲಿ ಯಾವುದಕ್ಕೂ ದೇಹದ ಮೇಲೆ ಕುರುಹಿಲ್ಲ, ಮೈಬಣ್ಣ ಬದಲಾದದ್ದು ನೀರಿನಲ್ಲಿದ್ದ ದೇಹದ ಸಹಜ ವಿಕಾರ ಎಂದು ಆಗಲೇ ಬರೆದುಕೊಟ್ಟಿದ್ದರು. ತನಿಖೆಯನ್ನು ವಹಿಸಿಕೊಂಡ ಸಿ.ಬಿ.ಐ. 2022ರ ಅಕ್ಟೋಬರಿನಲ್ಲಿ ನ್ಯಾಯಾಲಯಕ್ಕೆ ಒಪ್ಪಿಸಿದ ವರದಿಯಲ್ಲಿ, ಅದು ಆಕಸ್ಮಿಕವಾಗಿ ಮುಳುಗಿ ಸಂಭವಿಸಿದ ಸಾವು ಎಂದಿತು. ಐದು ವರ್ಷಗಳ ಬಳಿಕ.

ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವಿದೆ. ಎರಡು ಪಾಠಗಳಲ್ಲಿ ಯಾವುದು ಮೂಲದ್ದೆಂಬ ಸಂಶಯ ಬಂದರೆ ಕ್ಲಿಷ್ಟವಾದುದನ್ನು ಆರಿಸಿಕೊಳ್ಳಬೇಕು. ಏಕೆಂದರೆ ಲಿಪಿಕಾರನ ಕೈ ತಿಳಿಯದ್ದನ್ನು ತಿಳಿದುದಕ್ಕೆ, ಕಠಿನವಾದುದನ್ನು ಸುಲಭಕ್ಕೆ ತಿರುಗಿಸುತ್ತದೆಯೇ ಹೊರತು ಸುಲಭವನ್ನು ಕಠಿನ ಮಾಡುವುದಿಲ್ಲ. ಗದ್ದಲದಲ್ಲಿ ಓಡಿದ ಹುಡುಗ ನೀರಿಗೆ ಬಿದ್ದಿರಬಹುದು ಎಂಬುದು ಕ್ಲಿಷ್ಟ ಪಾಠ. ಅದರಲ್ಲಿ ಶತ್ರುವಿಲ್ಲ, ಸಿಟ್ಟಿಗೆ ನಿಲ್ಲಲು ನೆಲೆಯಿಲ್ಲ. ಕ್ರೂರವಾಗಿ ಕೊಂದರು ಎಂಬುದು ಸುಲಭ ಪಾಠ. ಪ್ರತಿ ಹೆಚ್ಚಿದಂತೆ ಸುಲಭ ಪಾಠವೇ ಗೆಲ್ಲುತ್ತದೆ. ಯಾವ ಬರಹಕ್ಕೆ ಜನ ಹೆಚ್ಚು ಕೆರಳಿ ಪ್ರತಿಕ್ರಿಯಿಸುತ್ತಾರೋ ಅದನ್ನೇ ಇನ್ನಷ್ಟು ಜನರ ಮುಂದೆ ಇಡುವಂತೆ ಈ ವೇದಿಕೆಗಳ ಗಣಿತ ಕೆಲಸಮಾಡುತ್ತದೆ. ಉಗ್ರವಾದಿಗಳು ಆ ಗಣಿತವನ್ನು ನಿರ್ಮಿಸಿದವರಲ್ಲ. ಚೆನ್ನಾಗಿ ಅಭ್ಯಾಸ ಮಾಡಿದವರು. ಬಯಲಿನಲ್ಲಿ ಕೆರಳಿದವರನ್ನು ಗುರುತಿಟ್ಟುಕೊಂಡು, ಟೆಲಿಗ್ರಾಂನಂಥ ಮುಚ್ಚಿದ ಕೋಣೆಗಳಿಗೆ ಕರೆದೊಯ್ಯುತ್ತಾರೆ. ಮುಂದಿನ ಪಾಠ ಅಲ್ಲಿ.

ಇನ್ನು ನನ್ನ ಪಾಲಿನ ಮಾತು. ನಿವೃತ್ತಿಗೆ ಆಗ ಸ್ವಲ್ಪವೇ ಕಾಲ ಉಳಿದಿತ್ತು. ಹೊನ್ನಾವರದ ಸಂದೇಶವೊಂದು ನನಗೂ ಬಂದಿತು, ಬಹಳ ಬೇಕಾದ ಒಬ್ಬ ಬಂಧುವಿನಿಂದ. ಓದಿದೊಡನೆ ಮನಸ್ಸು ಕುದಿಯಿತು. ಮೂವತ್ತು ವರ್ಷ ಪಾಠಾಂತರ, ಪ್ರಕ್ಷೇಪ, ಮೂಲಪ್ರತಿ ಎಂದು ಬೋಧಿಸಿದ ಮನುಷ್ಯ ಅದನ್ನು ನನ್ನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಬಳಗಕ್ಕೆ ಕಳಿಸಿಬಿಟ್ಟೆ. ಬೆರಳಿಗೆ ಒಂದು ನಿಮಿಷದ ಕೆಲಸವೂ ಅಲ್ಲ. ಆ ಬಳಗದಲ್ಲಿ ಗಂಗೊಳ್ಳಿಯವರೊಬ್ಬರಿದ್ದರು. ಸಂದೇಶವು ಯಾವ ಸಮುದಾಯದ ಕಡೆಗೆ ಬೆರಳು ತೋರಿಸುತ್ತಿತ್ತೋ ಅದಕ್ಕೆ ಸೇರಿದವರು; ನನ್ನ ತರಗತಿಯಲ್ಲಿ ಹಳಗನ್ನಡವನ್ನು ತಡವರಿಸದೆ ಓದುತ್ತಿದ್ದ ಕೆಲವೇ ಜನರಲ್ಲಿ ಒಬ್ಬರು. ಆ ರಾತ್ರಿ ಅವರಿಂದ ಒಂದೇ ಸಾಲು ಬಂದಿತು: "ಸರ್, ಇದ್ ಯಾರ್ ಹೇಳದ್?"

ನನ್ನಲ್ಲಿ ಉತ್ತರವಿರಲಿಲ್ಲ. ಬಂಧುವನ್ನು ಕೇಳಿದೆ, ಅವರಿಗೆ ಇನ್ನೊಬ್ಬರು, ಆ ಇನ್ನೊಬ್ಬರಿಗೆ ಮತ್ತೊಬ್ಬರು. ಮೂಲಪ್ರತಿ ಸಿಗಲೇ ಇಲ್ಲ. ಮೊದಲು ಬರೆದವನು ಯಾರೇ ಇರಲಿ, ಅವನ ಮಾತಿಗೆ ನನ್ನ ಅಧ್ಯಾಪಕತನದ ಅಂಕಿತವನ್ನು ಹಚ್ಚಿ ಕಳಿಸಿದವನು ನಾನು. ಈ ತಂತ್ರದ ಮರ್ಮವೂ ಅದೇ. ಅಪರಿಚಿತನಾದ ದ್ವೇಷಿಯ ಮಾತನ್ನು ನಾವು ನಂಬುವುದಿಲ್ಲ. ಅಕ್ಕ, ಬಾವ, ಮೇಷ್ಟರು ಕಳಿಸಿದರೆ ನಂಬುತ್ತೇವೆ.

ಇದನ್ನು ಕಂಪನಿಗಳೂ ಕಾಣದೆ ಇಲ್ಲ. ಮಕ್ಕಳ ಕಳ್ಳರೆಂಬ ವದಂತಿಯಿಂದ 2018ರಲ್ಲಿ ದೇಶದ ನಾನಾ ಕಡೆ ಕೊಲೆಗಳಾದವು. ನಮ್ಮ ಬೆಂಗಳೂರಿನಲ್ಲಿಯೂ, ಬೀದರ ಜಿಲ್ಲೆಯಲ್ಲಿಯೂ ಅಮಾಯಕರು ಸತ್ತರು. ಆ ವರ್ಷ ವಾಟ್ಸಾಪ್, ಮುಂದೆ ಕಳಿಸಿದ ಸಂದೇಶಕ್ಕೆ ಒಂದು ಗುರುತು ಹಚ್ಚಿ, ಭಾರತದಲ್ಲಿ ಒಮ್ಮೆಗೆ 5 ಕಡೆಗೆ ಮಾತ್ರ ಕಳಿಸಬಹುದೆಂದು ಕಟ್ಟು ಹಾಕಿತು. ಬಹಳ ಕೈ ದಾಟಿದ್ದಕ್ಕೆ ಎರಡು ಬಾಣದ ಗುರುತು ಬಂದಿತು. 2020ರಿಂದ ಅಂಥದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಒಳ್ಳೆಯದೇ. ಆದರೆ ಇದು ಅರ್ಧ ಪುಷ್ಪಿಕೆ. ಪ್ರತಿಯೆಂದು ಹೇಳುತ್ತದೆ, ಲಿಪಿಕಾರನ ಹೆಸರನ್ನು ಹೇಳುವುದಿಲ್ಲ.

ಪ್ರತಿ ಮಾಡುವ ಶಕ್ತಿಯನ್ನೇ ಆಯುಧ ಮಾಡಿಕೊಂಡವನ ಉದಾಹರಣೆ ನ್ಯೂಜಿಲೆಂಡಿನದು. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದ ಬಿಳಿಯ ಜನಾಂಗವಾದಿ, ಕೊಲೆಯನ್ನು ಫೇಸ್‌ಬುಕ್ಕಿನಲ್ಲಿ ನೇರವಾಗಿ ಬಿತ್ತರಿಸಿದನು. ಆ ಗಳಿಗೆಯಲ್ಲಿ ನೋಡಿದವರು 200ಕ್ಕಿಂತ ಕಡಿಮೆ. ಮೊದಲ 24 ಗಂಟೆಗಳಲ್ಲಿ ಕಂಪನಿ ಅಳಿಸಿಹಾಕಿದ ಪ್ರತಿಗಳು 15 ಲಕ್ಷ. ಯಂತ್ರವು ಚಿತ್ರದ ಬೆರಳಚ್ಚನ್ನು ಹೋಲಿಸಿ ಪ್ರತಿಯನ್ನು ಹಿಡಿಯುತ್ತದೆ; ಅಂಚು ಕತ್ತರಿಸಿ, ಬಣ್ಣ ಬದಲಿಸಿ ಅದನ್ನು ತಪ್ಪಿಸಿದರು. ಹಾಗೆ ರೂಪ ಬದಲಿಸಿದ ಪಾಠಾಂತರಗಳೇ 800ಕ್ಕೂ ಹೆಚ್ಚು ಎಂದು ಲೆಕ್ಕ ಸಿಕ್ಕಿತು. ಕನ್ನಡದ ಯಾವ ಮಹಾಕಾವ್ಯಕ್ಕೂ ಒಂದು ದಿನದಲ್ಲಿ ಇಷ್ಟು ಲಿಪಿಕಾರರು ದೊರೆಯಲಿಲ್ಲ.

ಹಾಗಾದರೆ ಹಳೆಯ ಮಾಧ್ಯಮ ಶುದ್ಧವಾಗಿತ್ತೆ? ಬಾನುಲಿಯಲ್ಲಿ ಕುಳಿತು ಹಾಗೆಂದರೆ ಆತ್ಮಸ್ತುತಿಯಾದೀತು. ನಾನು ವಿದ್ಯಾರ್ಥಿಯಾಗಿದ್ದಾಗ, 1976ರ ಡಿಸೆಂಬರಿನಲ್ಲಿ, ಮಂಗಳೂರು ಆಕಾಶವಾಣಿ ಆರಂಭವಾಯಿತು. ಪ್ರಸಾರದ ಗೋಪುರ ಎದ್ದುನಿಂತದ್ದು ನಮ್ಮ ಬ್ರಹ್ಮಾವರದಲ್ಲಿ. ವಾರ್ತೆಗೆ ಮುನ್ನ ಓದುವವರು ತಮ್ಮ ಹೆಸರು ಹೇಳುತ್ತಿದ್ದುದು ಅಂದು ಕೇವಲ ಶಿಷ್ಟಾಚಾರವೆಂದು ತೋರಿತ್ತು. ಆದರೆ ಇದೇ ರೇಡಿಯೋ 1994ರಲ್ಲಿ ರುವಾಂಡಾ ದೇಶದಲ್ಲಿ ಕೊಲ್ಲಬೇಕಾದವರ ಹೆಸರನ್ನು ಓದಿಹೇಳಿತು. ಆ ನರಮೇಧದಲ್ಲಿ ಲಕ್ಷಾಂತರ ಜನ ಅಳಿದರು. ಹೆಸರು ಹೇಳಿದ ಮಾತ್ರಕ್ಕೆ ಮಾತು ಧರ್ಮ್ಯವಾಗುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ದನಿಗಳ ಹಿಂದೆ ಇದ್ದವರು ಯಾರೆಂದು ತಿಳಿದಿತ್ತಾದ್ದರಿಂದ, ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ಶಿಕ್ಷೆ ವಿಧಿಸಲು ಸಾಧ್ಯವಾಯಿತು.

ಈಗ ದನಿಯೂ ಕದಿಯಬಹುದಾದ ವಸ್ತು. 3 ಸೆಕೆಂಡುಗಳ ಮಾದರಿಯಿಂದ ಒಬ್ಬರ ಧ್ವನಿಯನ್ನು ಅನುಕರಿಸುವ ಯಂತ್ರವನ್ನು ಮೈಕ್ರೋಸಾಫ್ಟಿನ ಸಂಶೋಧಕರು 2023ರಲ್ಲಿ ತೋರಿಸಿದರು. 2024ರಲ್ಲಿ ಇಸ್ಲಾಮಿಕ್ ಸ್ಟೇಟಿನ ಬೆಂಬಲಿಗರು, ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ವಾರ್ತಾವಾಚಕನನ್ನು ಯಂತ್ರದಿಂದ ಸೃಷ್ಟಿಸಿ ತಮ್ಮ ಸುದ್ದಿಯನ್ನು ಓದಿಸಿದರು. ಈ ಭಾಷಣದಿಂದ ನನ್ನ ದನಿಯನ್ನು ಕದಿಯಲು ಬೇಕಾದಷ್ಟು ಸಾಮಗ್ರಿ ಆಗಲೇ ಸಿಕ್ಕಿದೆ. ನನ್ನ ಕುಂದಗನ್ನಡದ ರಾಗವನ್ನೂ ಅದು ಕಲಿತೀತೋ ಏನೋ ನೋಡಬೇಕು. ನಾಳೆ ನಾನು ಹೇಳದ ಮಾತು ನನ್ನ ದನಿಯಲ್ಲಿ ನಿಮ್ಮ ಕೈಗೆ ಬಂದರೆ, ದಯವಿಟ್ಟು ಒಮ್ಮೆ ಮನೆಗೆ ಫೋನು ಮಾಡಿ ಕೇಳಿ.

ಸಿ.ಬಿ.ಐ. ವರದಿ ಬಂದ ಮೇಲೆ ನಾನು ಒಂದು ತಪ್ಪು-ಒಪ್ಪಿನ ಓಲೆ ಬರೆದೆ, ಪುಸ್ತಕದ ಕೊನೆಯಲ್ಲಿ ಹಾಕುವಂತೆ. 2017ರಲ್ಲಿ ಇಂಥ ಸಂದೇಶವನ್ನು ಕಳಿಸಿದವನು ನಾನು, ಅದು ಸುಳ್ಳು ಎಂದು. ಕೆಳಗೆ ಊರು, ತಾರೀಕು, ಹೆಸರು. ಅದೇ ಬಳಗಕ್ಕೆ ಹಾಕಿದೆ. ಗಂಗೊಳ್ಳಿಯವರು ಆ ವೇಳೆಗೆ ಬಳಗವನ್ನು ಬಿಟ್ಟು ಬಹುಕಾಲವಾಗಿತ್ತು. ಆದ್ದರಿಂದ ಕಾಗದದಲ್ಲಿ ಬರೆದುಕೊಂಡು, ತ್ರಾಸಿಯ ಮೇಲೆ ಸುತ್ತಿಕೊಂಡು ಅವರ ಮನೆಗೆ ಹೋದೆ. ಚಹಾ ಕೊಟ್ಟರು. ನಿಧಾನವಾಗಿ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡರು.

"ಇದನ್ನೂ ಗ್ರೂಪಿಗೆ ಹಾಕಿದ್ದೀರಾ ಸರ್?" ಎಂದು ಕೇಳಿದರು.

ಹಾಕಿದ್ದೇನೆ ಎಂದೆ.

"ಎಷ್ಟು ಜನ ಮುಂದೆ ಕಳಿಸಿದರು?"

ಇಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಮುಂದೆ ಕಳಿಸಿದವರು ಯಾರೂ ನನಗೆ ತಿಳಿದಂತೆ ಇರಲಿಲ್ಲ. ಹಾಗೆಂದು ಅವರಿಗೆ ಹೇಳಿದೆ.

(ಆಕಾಶವಾಣಿಯ ಕೃಪೆಯಿಂದ)