ತಾಳು, ಮಗುವನ್ನು ಮಲಗಿಸುತ್ತಿದ್ದೇನೆ

ನಮ್ಮ ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ರಾತ್ರಿ ಒಂಬತ್ತಕ್ಕೆ ಹಾಸಿಗೆ ಹಾಸಿದರೆ ಅವಳು ಕಣ್ಣು ಮುಚ್ಚುವುದು ಹತ್ತು ದಾಟಿದ ಮೇಲೆ. ಮೊದಲು ನೀರು ಬೇಕು. ಕುಡಿಯುವುದು ಒಂದೇ ಗುಟುಕು. ಆಮೇಲೆ ಗೋಡೆಯ ಮೇಲಿನ ಹಲ್ಲಿಗೆ ಟಾಟಾ ಹೇಳಬೇಕು. ಅಜ್ಜಿಯ ಹಳೇ ಸೀರೆಯಿಂದ ಹೊಲಿದ ಕೌದಿ ಹೊದಿಸಬೇಕು, ಅದರ ಹಸಿರು ಅಂಚು ಕೆನ್ನೆಗೆ ತಾಗಬೇಕು. ಕೊನೆಗೆ ಕಾಗಕ್ಕ ಗುಬ್ಬಕ್ಕನ ಕಥೆ.

ಮೊನ್ನೆ ರಾತ್ರಿ ನನಗೆ ಆಫೀಸಿನ ಕೆಲಸ ಬಾಕಿಯಿತ್ತು. ಕಥೆಯಲ್ಲಿ ಮಳೆ ಬರುವ ಭಾಗವನ್ನು ಹಾರಿಸಿಬಿಟ್ಟೆ. ಅರೆನಿದ್ದೆಯಲ್ಲಿದ್ದವಳು ಎದ್ದು ಕೂತಳು. “ಅಪ್ಪಾ, ಮಳೆ ಬಂದಿಲ್ಲ.” ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. “ತಾಳು, ಸುಮ್ಮನೆ ಮಲ್ಕೋ” ಎಂದು ಗದರಿ ಎದ್ದುಹೋದೆ. ಅವಳು ಅಳಲಿಲ್ಲ. ತಿರುಗಿ ಬಂದಾಗ, ಕೌದಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಆ ಕಣ್ಣುಗಳನ್ನು ನಾನು ಮರೆಯಲಾರೆ.

ನಿದ್ದೆ ನಮಗೆ ವಿಶ್ರಾಂತಿ. ಎಳೆಯ ಕೂಸಿಗೆ ಅದು ಅಗಲಿಕೆ. ಒಂದೆರಡು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂದರೆ ದಿನದ ಅರ್ಧ ಹೊತ್ತು ಅಪ್ಪ ಅಮ್ಮನನ್ನು ಬಿಟ್ಟಿರಬೇಕು. ಕೂಸಿಗೆ ಗಡಿಯಾರ ಗೊತ್ತಿಲ್ಲ, ನಾಳೆ ಎಂದರೇನೆಂದು ತಿಳಿದಿಲ್ಲ. ನೀರು, ಹಲ್ಲಿ, ಕೌದಿ, ಮಳೆ ಎಲ್ಲವೂ ನಿನ್ನೆಯ ಹಾಗೆಯೇ ಬಂದರೆ, ಬೆಳಿಗ್ಗೆ ಅಪ್ಪನೂ ಇರುತ್ತಾನೆ. ಕೂಸಿಗೆ ಬರುವ ಲೆಕ್ಕ ಇಷ್ಟೇ. ನಾನು ಹಾರಿಸಿದ್ದು ಮಳೆಯನ್ನಲ್ಲ, ಆ ಭರವಸೆಯನ್ನು.

ದಿನವೂ ಒಂದೇ ಕ್ರಮದಲ್ಲಿ ಮಲಗಿಸುವುದು ದೇವರಿಗೂ ಉಂಟು. ಉಡುಪಿಯಲ್ಲಿ ಕಡೆಗೋಲು ಹಿಡಿದ ಬಾಲಕೃಷ್ಣನಿಗೆ ದಿನಕ್ಕೆ 14 ಪೂಜೆ. ಕೊನೆಯದು ಏಕಾಂತ ಸೇವೆ, ದೇವರನ್ನು ಮಲಗಿಸುವ ಸೇವೆ. ನಿನ್ನೆ ಮಾಡಿದ್ದನ್ನೇ ಇವತ್ತೂ ಯಾಕೆ ಮಾಡಬೇಕೆಂದು ಅಲ್ಲಿ ಯಾರೂ ಗೊಣಗುವುದಿಲ್ಲ. ಆ ಸೇವೆಗೂ ಒಂದು ಕೊನೆಯಿದೆ, ಆಮೇಲೆ ಬಾಗಿಲು ಹಾಕುತ್ತಾರೆ. ಹಾಗೆಯೇ ಮಗು ಕೇಳಿದ್ದನ್ನೆಲ್ಲ ಕೊಡುತ್ತಾ ಹೋಗುವುದು ತಾಳ್ಮೆಯಲ್ಲ. ಒಂದು ಗುಟುಕು ನೀರು, ಒಂದು ಕಥೆ, ಆಮೇಲೆ ದೀಪ ಆರಲಿ. ಆದರೆ ಆ ಒಂದು ಕಥೆಯಲ್ಲಿ ಮಳೆ ಪೂರ್ತಿ ಸುರಿಯಲಿ.

ತಾಳ್ಮೆ ಹುಟ್ಟಿದ್ದು ತಾಳು ಎಂಬ ಮಾತಿನಿಂದ. ಅದನ್ನು ನಾವು ಯಾರಿಗೆ ಹೇಳುತ್ತೇವೆ? ನಾನು ಫೋನಿಗೆ ಓಗೊಟ್ಟು ಮಗುವಿಗೆ ತಾಳು ಎಂದೆ. ಕಥೆಯ ಗುಬ್ಬಕ್ಕ ಹಾಗೆ ಮಾಡಲಿಲ್ಲ. ಕಾಗಕ್ಕ ಬಾಗಿಲು ಬಡಿದಾಗಲೆಲ್ಲ, “ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ; ತಾಳು, ಮಗುವನ್ನು ಮಲಗಿಸುತ್ತಿದ್ದೇನೆ” ಎಂದಳು. ಮಳೆಯಲ್ಲಿ ನೆನೆದ ಕಾಗಕ್ಕನನ್ನು ಕಂಡರೆ ಪಾಪ ಎನಿಸುತ್ತದೆ, ನಿಜ. ಆದರೆ ರಾತ್ರಿ ಹತ್ತಕ್ಕೆ ನಮ್ಮ ಬಾಗಿಲು ಬಡಿಯುವ ಕೆಲಸಗಳು ಯಾವ ಮಳೆಯಲ್ಲೂ ನೆನೆಯುತ್ತಿಲ್ಲ.

ಮರುದಿನ ರಾತ್ರಿ ಫೋನನ್ನು ಅಡುಗೆಮನೆಯಲ್ಲಿಟ್ಟು ಬಂದೆ. ಕಥೆಯಲ್ಲಿ ಗುಡುಗು, ಮಿಂಚು, ಮಳೆ ಎಲ್ಲ ಬಂದವು. ಗಂಟೆ ಎಂದಿನಂತೆ ಹತ್ತು ದಾಟಿತು. ಕೌದಿಯನ್ನು ಹಿಡಿದಿದ್ದ ಪುಟ್ಟ ಮುಷ್ಟಿ ಮಾತ್ರ ಮೆಲ್ಲಗೆ ಸಡಿಲವಾಯಿತು.